ಅಟ್ಟದ ಮೇಲಿನ ಹಂಡೆಗೆ ಬೆಲೆ ಎಷ್ಟು?

60 ಲೀಟರ್ ನೀರು ಹಿಡಿಯುವ, 2 ಮಿಲಿಮೀಟರ್ ದಪ್ಪದ ತಾಮ್ರದ ಹಂಡೆಯಲ್ಲಿ ಸುಮಾರು 13 ಕೆಜಿ ಲೋಹ ಇರುತ್ತದೆ. 2024ರ ಮೇ 20ರಂದು ಲಂಡನ್ ಲೋಹ ಪೇಟೆಯಲ್ಲಿ ತಾಮ್ರದ ದರ ಟನ್ನಿಗೆ 11,000 ಡಾಲರ್ ದಾಟಿತ್ತು. ಡಾಲರಿಗೆ 83 ರೂಪಾಯಿ ಹಿಡಿದರೆ ಕೆಜಿಗೆ 913 ರೂಪಾಯಿ. ಅಂದಿನ ದರದಲ್ಲಿ ಆ ಹಂಡೆಯ ಲೋಹಕ್ಕೇ 12,000 ರೂಪಾಯಿ ಆಗುತ್ತದೆ.

ಇಂಥ ಹಂಡೆಗಳು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಸುತ್ತಲಿನ ಹಳೆಯ ಮನೆಗಳಲ್ಲಿ ಅಪರೂಪವೇನಲ್ಲ. ಬಚ್ಚಲಿಗೆ ವಿದ್ಯುತ್ ಗೀಸರ್ ಬಂದ ಮೇಲೆ ಒಲೆ ಆರಿತು, ಹಂಡೆ ಅಟ್ಟ ಸೇರಿತು. ಮಹಾನವಮಿಗೆ ಮನೆ ಸುಣ್ಣ ಬಣ್ಣ ಕಾಣುವಾಗ ಒಮ್ಮೆ ಕೆಳಗಿಳಿಯುತ್ತದೆ. ಆಗಲೇ ಪ್ರಶ್ನೆಯೂ ಏಳುತ್ತದೆ: ಇಟ್ಟುಕೊಳ್ಳುವುದೋ, ಬಾಂಡೆ ಅಂಗಡಿಗೆ ಹಾಕಿ ಸ್ಟೀಲು ತರುವುದೋ?

ಉತ್ತರಿಸುವ ಮೊದಲು ಲೆಕ್ಕ ಗೊತ್ತಿರಬೇಕು. ಹಳೆಯ ಪಾತ್ರೆಗೆ ಮೂರು ಬೆಲೆಗಳಿವೆ: ಲೋಹದ್ದು, ಕೈಕೆಲಸದ್ದು, ಗುರುತಿನದ್ದು. ತಕ್ಕಡಿಗೆ ಗೊತ್ತಾಗುವುದು ಮೊದಲನೆಯದು ಮಾತ್ರ. ಅದನ್ನೂ ಅದು ಎಷ್ಟೋ ಸಲ ತಪ್ಪಾಗಿ ಹೇಳುತ್ತದೆ.

ಮೊದಲ ಬೆಲೆ: ಲೋಹ

2024ರ ಮೇ ತಿಂಗಳ ಆ ಏರಿಕೆಯ ದಿನಗಳಲ್ಲಿ ಸತು ಟನ್ನಿಗೆ ಸುಮಾರು 3,000 ಡಾಲರ್, ತವರ ಸುಮಾರು 33,000 ಡಾಲರ್ ಇತ್ತು. ಅಂದರೆ ತವರ ತಾಮ್ರದ ಮೂರು ಪಟ್ಟು, ಸತುವಿನ ಹನ್ನೊಂದು ಪಟ್ಟು ದುಬಾರಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಕಂಚು ಎಂದರೆ ತಾಮ್ರ ಮತ್ತು ತವರ. ಹಿತ್ತಾಳೆಯಲ್ಲಿ ನೂರಕ್ಕೆ 65 ಪಾಲು ತಾಮ್ರ, ಊಟದ ಕಂಚಿನಲ್ಲಿ ನೂರಕ್ಕೆ 78 ಪಾಲು ತಾಮ್ರ ಎಂದು ಹಿಡಿದರೆ ಕೆಜಿ ಲೆಕ್ಕ ಹೀಗಾಗುತ್ತದೆ:

ತಾಮ್ರ: 913 ರೂಪಾಯಿ
ಹಿತ್ತಾಳೆ: ಸುಮಾರು 680 ರೂಪಾಯಿ
ಕಂಚು: ಸುಮಾರು 1,315 ರೂಪಾಯಿ

ಇವು ಲಂಡನ್ನಿನ ಕಚ್ಚಾ ಲೋಹದ ದರ. ಆಮದು ಸುಂಕ, ತೆರಿಗೆ, ವ್ಯಾಪಾರಿಯ ಲಾಭ, ಕರಗಿಸುವಾಗ ಆಗುವ ಸವಕಳಿ ಇದರಲ್ಲಿ ಸೇರಿಲ್ಲ. ದರ ದಿನದಿನಕ್ಕೂ ಬದಲಾಗುತ್ತದೆ. ಆದರೆ ಮೂರರ ನಡುವಿನ ಅಂತರವನ್ನು ನೆನಪಿಡಬೇಕು: ಕಂಚು ಹಿತ್ತಾಳೆಯ ಹೆಚ್ಚುಕಡಿಮೆ ಎರಡರಷ್ಟು.

ಇಲ್ಲಿಯೇ ಮನೆಯವರಿಗೆ ಮೊದಲ ಪೆಟ್ಟು. 30 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಅಂಚು, ಒಂದೂವರೆ ಮಿಲಿಮೀಟರ್ ದಪ್ಪದ ಕಂಚಿನ ಗಂಗಾಳ ಸುಮಾರು 1.28 ಕೆಜಿ ತೂಗುತ್ತದೆ. ಕಂಚಿನ ಲೆಕ್ಕದಲ್ಲಿ ಅದರ ಲೋಹಕ್ಕೆ 1,680 ರೂಪಾಯಿ. ಹಿತ್ತಾಳೆಯ ರಾಶಿಗೆ ಸೇರಿಸಿ ತೂಗಿದರೆ 870. ಒಂದೇ ಗಂಗಾಳದಲ್ಲಿ 800 ರೂಪಾಯಿ ಖೋತಾ! ಅಜ್ಜಿಯ ಕಾಲದ ಆರು ಗಂಗಾಳ ಹೀಗೆ ಹೋದರೆ ನಾಲ್ಕೂಮುಕ್ಕಾಲು ಸಾವಿರದ ಮೇಲೆ.

ಎರಡನ್ನೂ ಗುರುತಿಸುವುದು ಕಷ್ಟವೇನಲ್ಲ. ಗಂಗಾಳವನ್ನು ಐದು ಬೆರಳ ತುದಿಯ ಮೇಲೆ ಇಟ್ಟುಕೊಂಡು ಅಂಚಿಗೆ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಾದರೆ ಗಂಟೆಯಂತೆ ದನಿ ಎದ್ದು ಬಹಳ ಹೊತ್ತು ನಿಲ್ಲುತ್ತದೆ. ಹಿತ್ತಾಳೆ ಠಣ್ ಎಂದು ಬೇಗ ಅಡಗುತ್ತದೆ. ಗಂಟೆಯನ್ನು ಎರಕ ಹೊಯ್ಯುವುದೂ ಇದೇ ತವರ ಹೆಚ್ಚಿದ ಕಂಚಿನಿಂದಲೇ. ಇನ್ನೊಂದು ಗುರುತು ಗಾಯದ್ದು. ಕೈಜಾರಿ ಬಿದ್ದರೆ ಹಿತ್ತಾಳೆ ತಗ್ಗು ಬೀಳುತ್ತದೆ, ಕಂಚು ಸೀಳುತ್ತದೆ. ಅಂಚಿನಲ್ಲಿ ಬಿರುಕಿರುವ ಹಳೆಯ ತಾಟು ಕಂಡರೆ ಅದನ್ನು ಹಿತ್ತಾಳೆ ದರಕ್ಕೆ ಬಿಡಬೇಡಿ.

ತಿರುವುಮುರುವಿನ ಮೋಸವೂ ಉಂಟು. ಬೆಳ್ಳಗೆ ಹೊಳೆಯುವ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಪಾಲು ಸೊನ್ನೆ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ.

ತೂಕದ ಪಟ್ಟಿ

ಪಾತ್ರೆಯ ಆಕಾರವನ್ನು ಸರಿಸುಮಾರು ಗುಂಡು ಎಂದು ಹಿಡಿದು, ಲೋಹದ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ತೂಕದ ಅಂದಾಜು ಸಿಗುತ್ತದೆ. ತಾಮ್ರ ಘನ ಸೆಂಟಿಮೀಟರಿಗೆ 8.96 ಗ್ರಾಂ, ಹಿತ್ತಾಳೆ ಸುಮಾರು 8.5, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 7.9, ಅಲ್ಯೂಮಿನಿಯಂ 2.7.

ಒಂದು ಲೀಟರಿನ ಹಿತ್ತಾಳೆ ಚರಿಗೆ, 1 ಮಿಲಿಮೀಟರ್ ದಪ್ಪ: ಸುಮಾರು 400 ಗ್ರಾಂ
15 ಲೀಟರಿನ ಹಿತ್ತಾಳೆ ಕೊಡ, ಅದೇ ದಪ್ಪ: ಎರಡೂವರೆ ಕೆಜಿ
ಅದೇ ಅಳತೆಯ ಸ್ಟೀಲ್ ಕೊಡ, ಅರ್ಧ ಮಿಲಿಮೀಟರ್ ದಪ್ಪ: 1.2 ಕೆಜಿಗೆ ತುಸು ಕಡಿಮೆ
5 ಲೀಟರಿನ ಅಲ್ಯೂಮಿನಿಯಂ ಚಹಾದ ಕಿಟ್ಲಿ, ಒಂದೂವರೆ ಮಿಲಿಮೀಟರ್ ದಪ್ಪ: 600 ಗ್ರಾಂ ಆಸುಪಾಸು

ಹಿತ್ತಾಳೆ ಏಕೆ ಸೋತಿತು ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಬಾವಿಯಿಂದ ತುಂಬಿದ ಕೊಡ ಹೊತ್ತು ತರುವ ಹೆಣ್ಣುಮಗಳಿಗೆ ನೀರಿನ 15 ಕೆಜಿಯ ಮೇಲೆ ಹಿತ್ತಾಳೆಯ ಎರಡೂವರೆ ಕೆಜಿ. ಸ್ಟೀಲಾದರೆ ಅದರ ಅರ್ಧ. ದಿನಕ್ಕೆ ಎಂಟು ಕೊಡ ತಂದರೆ 10 ಕೆಜಿಗೂ ಹೆಚ್ಚು ಭಾರ ಉಳಿಯಿತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ಕೆಲಸವೂ ತಪ್ಪಿತು. ಹಳೆಯದನ್ನು ಮಾರಿ ಹೊಸದು ತಂದವರನ್ನು ಬುದ್ಧಿಗೇಡಿಗಳು ಎನ್ನುವಂತಿಲ್ಲ. ಅವರ ಲೆಕ್ಕವೂ ಲೆಕ್ಕವೇ.

ಹಂಡೆಯ ವಿಷಯ ಬೇರೆ. ತಾಮ್ರ ಬಿಸಿಯನ್ನು ಸಾಗಿಸುವ ಶಕ್ತಿ ಸ್ಟೇನ್‌ಲೆಸ್ ಸ್ಟೀಲಿನ ಸುಮಾರು 25 ಪಟ್ಟು. ಕಟ್ಟಿಗೆಯ ಉರಿ ಒಂದೇ ಕಡೆ ತಾಗಿದರೂ ಬಿಸಿ ಹಂಡೆಯ ಮೈಗೆಲ್ಲ ಹರಡುತ್ತದೆ. ಬಚ್ಚಲೊಲೆಗೆ ತಾಮ್ರವನ್ನೇ ಹೂತದ್ದು ಶೋಕಿಗಲ್ಲ.

ಎರಡನೆಯ ಬೆಲೆ: ಕೈಕೆಲಸ

ಅಡುಗೆಯ ಹಿತ್ತಾಳೆ, ತಾಮ್ರದ ಪಾತ್ರೆಗೆ ಒಳಗೆ ಕಲಾಯಿ ಬೇಕು. ಇಲ್ಲದಿದ್ದರೆ ಹುಳಿ ಪದಾರ್ಥ ಕಿಲುಬುತ್ತದೆ. ಕಲಾಯಿಗಾರ ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಊದಿ ಪಾತ್ರೆ ಕಾಯಿಸುತ್ತಾನೆ. ಕಾದ ತಳಕ್ಕೆ ನವಸಾಗರದ ಪುಡಿ ಎರಚಿದೊಡನೆ ಬಿಳಿ ಹೊಗೆ ಏಳುತ್ತದೆ, ಲೋಹದ ಕೊಳೆ ಬಿಡುತ್ತದೆ. ತವರದ ಕಡ್ಡಿ ಮುಟ್ಟಿಸಿದರೆ ಅದು ನೀರಾಗಿ ಹರಿಯುತ್ತದೆ. ತವರ ಕರಗಲು 232 ಡಿಗ್ರಿ ಸಾಕು, ತಾಮ್ರಕ್ಕೆ 1,085 ಬೇಕು. ಹತ್ತಿಯ ಉಂಡೆಯಿಂದ ಅದನ್ನು ಒಂದೇ ಸುತ್ತಿಗೆ ಒರೆಸಿ, ಪಾತ್ರೆಯನ್ನು ತಣ್ಣೀರಿಗೆ ಅದ್ದುತ್ತಾನೆ. ಕೈ ತಡವಾದರೆ ತವರ ಕಪ್ಪಾಗುತ್ತದೆ.

ಇದಕ್ಕೆ ತವರ ಎಷ್ಟು ಬೇಕು? 28 ಸೆಂಟಿಮೀಟರ್ ಅಗಲ, ಹದಿನಾರೂವರೆ ಸೆಂಟಿಮೀಟರ್ ಆಳದ 10 ಲೀಟರ್ ಪಾತೇಲಿಯ ಒಳಮೈ ಸುಮಾರು 2,070 ಚದರ ಸೆಂಟಿಮೀಟರ್. ಪದರ 20 ಮೈಕ್ರಾನ್ ದಪ್ಪ ಎಂದು ಹಿಡಿದರೆ 30 ಗ್ರಾಂ ತವರ ಸಾಕು. ಮೇಲೆ ಹೇಳಿದ ದರದಲ್ಲಿ ಅದಕ್ಕೆ ಸುಮಾರು 82 ರೂಪಾಯಿ. ಉಳಿದದ್ದೆಲ್ಲ ಇದ್ದಿಲು, ನವಸಾಗರ ಮತ್ತು ಕೂಲಿ. ತವರಕ್ಕೆ ಸೀಸ ಬೆರೆಸಿದರೆ ಖರ್ಚು ಇಳಿಯುತ್ತದೆ. ಆದರೆ ಸೀಸ ವಿಷ, ಅನ್ನದ ಪಾತ್ರೆಗೆ ಅದು ಸಲ್ಲದು. ಕಲಾಯಿ ಹಾಕಿಸುವವರು ಅಪ್ಪಟ ತವರವನ್ನೇ ಕೇಳಬೇಕು.

ಕೈಕೆಲಸ ಲೋಹವನ್ನು ಎಷ್ಟು ಹಿಂದೆ ಹಾಕಬಲ್ಲದು ಎಂಬುದಕ್ಕೆ ಕರ್ನಾಟಕದ ಉದಾಹರಣೆ ಬೀದರಿನ ಬಿದ್ರಿ. ಹೂದಾನಿ, ಹುಕ್ಕಾದ ಬುಡ, ಗಿಂಡಿ, ಪಾನ್‌ದಾನ್ ಎಲ್ಲವೂ ಇದರಲ್ಲಿ ಆಗುತ್ತವೆ. ಮೂಲ ಲೋಹ ಅಗ್ಗದ ಸತುವೇ. 16 ಪಾಲು ಸತುವಿಗೆ 1 ಪಾಲು ತಾಮ್ರ. ಅರ್ಧ ಕೆಜಿಯ ಹೂದಾನಿಯಲ್ಲಿ 471 ಗ್ರಾಂ ಸತು, 29 ಗ್ರಾಂ ತಾಮ್ರ. ಎರಡೂ ಸೇರಿ 2024ರ ಮೇ ದರದಲ್ಲಿ 145 ರೂಪಾಯಿ ಆಗುವುದಿಲ್ಲ. ಅದರ ಮೈಗೆ 20 ಗ್ರಾಂ ಬೆಳ್ಳಿ ಕೂರಿಸಿದರೆ ಬೆಳ್ಳಿಗೆ ಆಗ ಸುಮಾರು 1,800 ರೂಪಾಯಿ. ಅಲ್ಲಿಗೆ ಸಾಮಾನಿನ ಖರ್ಚು ಎರಡು ಸಾವಿರದೊಳಗೇ ಮುಗಿಯಿತು.

ಆಮೇಲಿನದೆಲ್ಲ ಕೈ. ಮಣ್ಣಿನ ಅಚ್ಚಿನಲ್ಲಿ ಎರಕ, ಅರದಿಂದ ನಯ ಮಾಡುವುದು, ಮೈಲುತುತ್ತದ ನೀರು ಹಚ್ಚಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ ಚಿತ್ರ ಬರೆಯುವುದು, ಉಳಿಯಿಂದ ಗೆರೆ ಕೊರೆಯುವುದು, ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುವುದು, ಉಜ್ಜುವುದು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿನೀರು. ಅದು ಸತುವಿನ ಮೈಯನ್ನು ಕಡುಗಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹಳೆಯ ಬಿದ್ರಿ ಗಿಂಡಿಯನ್ನು ಗುಜರಿಗೆ ಹಾಕಿದವರಿಗೆ ಸಿಗುವುದು ಸತುವಿನ ದರ.

ದೇವರಗುಡ್ಡದ ದೋಣಿ

ಇನ್ನು ದೇವರಗುಡ್ಡಕ್ಕೇ ಬರೋಣ. ಮಾಲತೇಶನ ಈ ಕ್ಷೇತ್ರ ರಾಣೆಬೆನ್ನೂರು ಮತ್ತು ಬ್ಯಾಡಗಿ ನಡುವೆ, ಹುಬ್ಬಳ್ಳಿ–ದಾವಣಗೆರೆ ರೈಲು ಹಾದಿಯ ಮೇಲಿದೆ. ಮಹಾನವಮಿಯ ಕಾರ್ಣಿಕ (ಭವಿಷ್ಯವಾಣಿ) ಕೇಳಲು ಇಲ್ಲಿ ಜನ ಸೇರುತ್ತಾರೆ. ಮಾಲತೇಶನ ದೀಕ್ಷೆ ಪಡೆದ ಗೊರವಪ್ಪಗಳ ಕೈಯಲ್ಲಿ ತ್ರಿಶೂಲ, ಡಮರುಗ, ಭಂಡಾರದ ಚೀಲದ ಜೊತೆಗೆ ಇರುವ ಪಾತ್ರೆಯೇ ದೋಣಿ. ಮರದ್ದೂ ಇದೆ, ಹಿತ್ತಾಳೆ, ತಾಮ್ರದ್ದೂ ಇದೆ. ಭಿಕ್ಷೆಗೂ ಅದೇ, ಸೇವೆಗೂ ಅದೇ.

30 ಸೆಂಟಿಮೀಟರ್ ಉದ್ದ, 15 ಅಗಲ, 8 ಆಳದ ದೋಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಿಡಿಯುವುದು 1.9 ಲೀಟರ್. ಒಂದೂವರೆ ಮಿಲಿಮೀಟರ್ ಹಿತ್ತಾಳೆಯದಾದರೆ ತೂಕ ಸುಮಾರು 800 ಗ್ರಾಂ, ಲೋಹದ ಬೆಲೆ 545 ರೂಪಾಯಿ. ಮರದ್ದಾದರೆ ತೂಕ ಅರ್ಧ ಕೆಜಿಯ ಒಳಗೆ, ಗುಜರಿಯಲ್ಲಿ ಬೆಲೆ ಸೊನ್ನೆ.

ದೋಣಿ ತುಂಬಿಸುವ ಸೇವೆಗೆ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಬೇಕು. ಮೇಲಿನ ಅಳತೆಯ ದೋಣಿಗೆ ಒಂದು ಲೀಟರ್ ಹಾಲು, ಆರು ಬಾಳೆಹಣ್ಣು, ಕಾಲು ಕೆಜಿಗೆ ತುಸು ಕಡಿಮೆ ಬೆಲ್ಲ, ಒಂದಿಷ್ಟು ತುಪ್ಪ ಹಿಡಿಸುತ್ತದೆ. 2025ರ ಏಪ್ರಿಲ್ 1ರ ಏರಿಕೆಯ ಬಳಿಕ ನಂದಿನಿಯ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 46 ರೂಪಾಯಿ ಆಯಿತು. ಆಗ ಎಲ್ಲ ಸೇರಿ ಒಂದು ದೋಣಿ ತುಂಬಲು ಇನ್ನೂರು ರೂಪಾಯಿ ಸಾಕಾಗುತ್ತಿತ್ತು. ಗೊರವಪ್ಪಗಳು ಮಾಲತೇಶನ ನಾಯಿಗಳಾಗಿ ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಅದನ್ನು ಬಾಯಿಂದಲೇ ತಿನ್ನುತ್ತಾರೆ. ಈ ದೋಣಿ ದೀಕ್ಷೆಯೊಡನೆ ಬರುವಂಥದ್ದು, ಅಂಗಡಿಯ ಶೋಕೇಸಿನದಲ್ಲ. ಆಕಾರ, ಬಳಕೆ, ಹಿಡಿದ ಕೈ ಮೂರೂ ಸೇರಿ ಅದರ ಗುರುತು. ಮರದ ದೋಣಿಗೆ ತಕ್ಕಡಿ ಕೊಡುವ ಸೊನ್ನೆ, ತಕ್ಕಡಿಯ ಮಿತಿಯನ್ನು ಹೇಳುತ್ತದೆ ಅಷ್ಟೆ.

ಮೂರನೆಯ ಬೆಲೆ: ಗುರುತು

ಗುರುತಿಗೆ ಪೇಟೆ ಎಷ್ಟು ಕೊಡುತ್ತದೆ? ಜಗತ್ತಿನಲ್ಲಿ ಇದರ ಲೆಕ್ಕ ಸ್ಪಷ್ಟವಾಗಿ ಸಿಗುವುದು ಟೀಪಾಟ್‌ಗಳಲ್ಲಿ. ನಮ್ಮಲ್ಲಿ ಚಹಾ ಕುದಿಸುವುದೇ ರೂಢಿ. ಎಲೆ, ಸಕ್ಕರೆ, ಹಾಲು ಒಟ್ಟಿಗೆ ಪಾತ್ರೆಯಲ್ಲಿ ಕುದ್ದು, ಸೋಸಿ, ಕಿಟ್ಲಿಗೆ ಬೀಳುತ್ತದೆ. ಜಾತ್ರೆಯ 5 ಲೀಟರಿನ ಕಿಟ್ಲಿಯಿಂದ 80 ಮಿಲಿಲೀಟರಿನ 62 ಕಪ್ ಚಹಾ ಆಗುತ್ತದೆ, ಅದರ ಅಂದಚಂದ ಯಾರೂ ನೋಡುವುದಿಲ್ಲ. ನಮ್ಮವರ ಅಲಂಕಾರವೆಲ್ಲ ಹಂಡೆಯ ಕೊರಳಿಗೆ, ತಂಬಿಗೆಯ ಹೊಟ್ಟೆಗೆ, ದೀಪದ ಸಮೆಗೆ ಹೋಯಿತು. ಚೀನಾ, ಇಂಗ್ಲೆಂಡಿನಲ್ಲಿ ಎಲೆಗೆ ಬಿಸಿನೀರು ಸುರಿದು ನೆನೆಸುವ ರೂಢಿ. ಹಾಗಾಗಿ ಅಲ್ಲಿ ಆ ಪಾತ್ರೆ ಅತಿಥಿಯ ಎದುರೇ ಕೂತಿತು, ಚಂದ ಅದರ ಪಾಲಾಯಿತು.

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1670ರ ಬೆಳ್ಳಿಯ ಟೀಪಾಟ್ ಇದೆ. ಈಸ್ಟ್ ಇಂಡಿಯಾ ಕಂಪನಿಗೆ ಲಾರ್ಡ್ ಬರ್ಕ್ಲಿ ಕೊಟ್ಟ ಉಡುಗೊರೆ ಎಂದು ಅದರ ಮೈಮೇಲೆಯೇ ಕೆತ್ತಿದೆ. ಆಕಾರದಲ್ಲಿ ಅದು ಕಾಫಿಯ ಹೂಜಿಯಂತಿದೆ. ಚಹಾದ್ದು ಎಂದು ನಮಗೆ ಗೊತ್ತಾಗುವುದು ಆ ಬರಹದಿಂದ.

2016ರಲ್ಲಿ ಇಂಗ್ಲೆಂಡಿನ ಲಿಂಕನ್‌ನ ಹರಾಜಿನಲ್ಲಿ ಒಬ್ಬರು ಮುಚ್ಚಳವಿಲ್ಲದ, ಹಿಡಿ ಮುರಿದ ನೀಲಿ-ಬಿಳಿ ಪಿಂಗಾಣಿ ಟೀಪಾಟನ್ನು 15 ಪೌಂಡಿಗೆ ಕೊಂಡರು. ತಜ್ಞರು ಪರಿಶೀಲಿಸಿದಾಗ ಅದು 1765–69ರ ಸುಮಾರಿಗೆ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಜಾನ್ ಬಾರ್ಟ್ಲಮ್ ಮಾಡಿದ್ದು ಎಂದು ತಿಳಿಯಿತು. 2018ರ ಫೆಬ್ರುವರಿಯಲ್ಲಿ ಸಾಲ್ಸ್‌ಬರಿಯಲ್ಲಿ ಹರಾಜಾದಾಗ 4,60,000 ಪೌಂಡ್ ಕೂಗಿದರು. ಹರಾಜು ಸಂಸ್ಥೆಯ ಶುಲ್ಕ ಸೇರಿ 5,75,000 ಪೌಂಡ್. ಆಗಿನ ದರದಲ್ಲಿ ಐದು ಕೋಟಿ ರೂಪಾಯಿಗೂ ಹೆಚ್ಚು. ಎರಡು ವರ್ಷದ ನಡುವೆ ಪಾತ್ರೆ ಬದಲಾಗಲಿಲ್ಲ, ಮುರಿದ ಹಿಡಿ ಕೂಡಲಿಲ್ಲ. ಯಾರು, ಎಲ್ಲಿ, ಯಾವಾಗ ಮಾಡಿದರು ಎಂಬುದು ಗೊತ್ತಾಯಿತು, ಬೆಲೆ 38,000 ಪಟ್ಟು ಏರಿತು.

ಲೋಹ, ರತ್ನದಿಂದಲೇ ಬೆಲೆ ಕಟ್ಟಿದ ಟೀಪಾಟೂ ಇದೆ. 1,658 ವಜ್ರ, 386 ಮಾಣಿಕ್ಯ ಕೂರಿಸಿದ 18 ಕ್ಯಾರಟ್ ಚಿನ್ನದ 'ದಿ ಈಗೋಯಿಸ್ಟ್'ಗೆ 2016ರಲ್ಲಿ ಗಿನ್ನೆಸ್ ಲೆಕ್ಕ ಹಾಕಿದ ಬೆಲೆ 30 ಲಕ್ಷ ಡಾಲರ್, ಆಗಿನ ದರದಲ್ಲಿ ಸುಮಾರು 20 ಕೋಟಿ ರೂಪಾಯಿ. ಅದರ ಪಕ್ಕದಲ್ಲಿ ಒಡೆದ ಪಿಂಗಾಣಿಯ ಐದು ಕೋಟಿ ಇಟ್ಟು ನೋಡಿ. ಒಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲು, ಇನ್ನೊಂದರಲ್ಲಿ ಬರೀ ಮಣ್ಣು.

ನಮ್ಮ ಪಾತ್ರೆಗಳಲ್ಲಿ ಈ ಗುರುತು ಬಹಳ ಸಲ ಕಣ್ಣೆದುರೇ ಇರುತ್ತದೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಆಯೇರಿಗೆ ಕೊಡ, ಚರಿಗೆ, ತಂಬಿಗೆ, ಪರಾತ ಕೊಡುವುದು ವಾಡಿಕೆ. ಕೊರಳ ಸುತ್ತ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳಲ್ಲಿ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಇಸವಿ ಇರುತ್ತದೆ. ಯಾವ ಮನೆಗೂ ಯಾವ ಮನೆಗೂ ಬೀಗತನ, ಆ ಕಾಲಕ್ಕೆ ಊರಿನ ಹೆಸರನ್ನು ಹೇಗೆ ಬರೆಯುತ್ತಿದ್ದರು, ಯಾವ ಆಕಾರದ ತಂಬಿಗೆ ಯಾವ ದಶಕದ್ದು ಎಂಬುದಕ್ಕೆಲ್ಲ ಇದು ದಾಖಲೆ. ಕುಲುಮೆಗೆ ಬಿದ್ದರೆ ಮೊದಲು ಹೋಗುವುದು ಅದೇ. ಹೆಸರಿದ್ದ ಕೊಡಕ್ಕೂ ಹೆಸರಿಲ್ಲದ ಕೊಡಕ್ಕೂ ಗುಜರಿಯಲ್ಲಿ ಒಂದೇ ಬೆಲೆ, ಮೇಲಿನ ಲೆಕ್ಕದ 15 ಲೀಟರಿನ ಕೊಡವಾದರೆ 1,700 ರೂಪಾಯಿ.

ತೆರಿಗೆ, ಕಾನೂನು

ಒಂದೇ ಪಾತ್ರೆಗೆ ಸರ್ಕಾರದ ಕಣ್ಣಲ್ಲಿ ಮೂರು ಅವತಾರ. 2025ರ ಸೆಪ್ಟೆಂಬರ್ 22ರಿಂದ ತಾಮ್ರ, ಹಿತ್ತಾಳೆಯ ಹೊಸ ಪಾತ್ರೆಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ನೂರು ವರ್ಷ ದಾಟಿದ ಪುರಾತನ ವಸ್ತುವಿನ ಮಾರಾಟಕ್ಕೂ ಶೇ 5. ಅದನ್ನೇ ಗುಜರಿ ಎಂದು ಮಾರಿದರೆ ವ್ಯಾಪಾರಿಗಳ ಮಟ್ಟದಲ್ಲಿ ಶೇ 18.

ಪುರಾತನ ವಸ್ತುಗಳ ಮತ್ತು ಕಲಾ ಸಂಪತ್ತಿನ ಕಾಯ್ದೆ 1972ರದ್ದು, ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲೆ, ಕುಶಲಕೆಲಸದ ವಸ್ತು ಇದರ ವ್ಯಾಪ್ತಿಗೆ ಬರುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ದೇಶದ ಹೊರಗೆ ಸಾಗಿಸುವ ಅಧಿಕಾರ ಕೇಂದ್ರ ಸರ್ಕಾರ ಮತ್ತು ಅದು ನೇಮಿಸಿದ ಸಂಸ್ಥೆಗಳಿಗೆ ಮಾತ್ರ. ಮೀರಿದರೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ವಿದೇಶದಲ್ಲಿರುವ ಮಗನಿಗೆ ಮುತ್ತಜ್ಜಿಯ ಬಿದ್ರಿ ಹೂದಾನಿ ಕಳಿಸುವ ಮೊದಲು ಇದು ನೆನಪಿರಲಿ.

ಹಾಗಾದರೆ ಏನು ಮಾಡುವುದು?

ಎಲ್ಲವನ್ನೂ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿಲ್ಲ. ಅಹಮದಾಬಾದಿನ ವಿಶಾಲಾ ರೆಸ್ಟೋರೆಂಟಿನಲ್ಲಿ 1981ರಲ್ಲಿ ಶುರುವಾದ ಪಾತ್ರೆಗಳ ಸಂಗ್ರಹಾಲಯದಲ್ಲಿ 4,500ಕ್ಕೂ ಹೆಚ್ಚು ಪಾತ್ರೆಗಳಿವೆ. ಗುಜರಿಯ ದಾರಿ ಹಿಡಿದಿದ್ದ ಸಾಮಾನುಗಳಿಗೆ ಅಲ್ಲಿ ನೆಲೆ ಸಿಕ್ಕಿತು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 15 ಎಕರೆಯಲ್ಲಿ ಕಟ್ಟಿದ ಜಾನಪದ ಲೋಕದಲ್ಲಿ ಮನೆಬಳಕೆಯ ವಸ್ತುಗಳಿವೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವೂ ಇದೆ. ಆದರೆ ಮನೆಯೊಳಗಿನ ಪಾತ್ರೆಯ ಗುರುತು ಉಳಿಯಬೇಕಾದರೆ ಮನೆಯವರೇ ಮೊದಲು ಬರೆದಿಡಬೇಕು.

ಅದಕ್ಕೆ ಖರ್ಚಿಲ್ಲ. ಪಾತ್ರೆಯ ಹೆಸರು ಮನೆಯಲ್ಲಿ ಏನೆಂದು ಕರೆಯುತ್ತೀರೋ ಹಾಗೆ, ಎತ್ತರ, ಬಾಯಿಯ ಅಗಲ, ತೂಕ, ಎಷ್ಟು ಲೀಟರ್ ಹಿಡಿಯುತ್ತದೆ, ಲೋಹ ಯಾವುದು, ಮೈಮೇಲಿನ ಬರಹ ಅಕ್ಷರಶಃ, ಯಾರಿಂದ ಬಂತು. ಎಂಟೇ ಕಲಮು. ಮೊಬೈಲಿನಲ್ಲಿ ಎರಡು ಫೋಟೊ, ಒಂದು ಇಡೀ ಪಾತ್ರೆಯದು, ಇನ್ನೊಂದು ಅಕ್ಷರಗಳದು. ಹುಳಿ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಚುಕ್ಕಿ ಅಕ್ಷರ ಸವೆಯುತ್ತದೆ. ಹಾಗಾಗಿ ಫೋಟೊ ಮೊದಲು, ತಿಕ್ಕುವುದು ಆಮೇಲೆ.

ದೇವರಗುಡ್ಡ ಇರುವ ಹಾವೇರಿ ಜಿಲ್ಲೆಗೆ ಇದರಲ್ಲಿ ಒಂದು ಅನುಕೂಲವಿದೆ. ಜಾನಪದಕ್ಕೆಂದೇ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಿಂದ ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ದೇವರಗುಡ್ಡದ ದೋಣಿಗಳ, ಸುತ್ತಲಿನ ಹಳ್ಳಿಗಳ ಹೆಸರು ಹೊತ್ತ ಪಾತ್ರೆಗಳ ಪಟ್ಟಿಯನ್ನು ಅಲ್ಲಿಯ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಮಾಡಿದರೆ, ಅದು ಜಿಲ್ಲೆಗೆ ಸಲ್ಲುವ ದಾಖಲೆ. ಮನೆಯವರ ಮಟ್ಟಿಗೆ ತೀರ್ಮಾನ ಇಷ್ಟು: ಹೆಸರಿಲ್ಲದ, ಕೆತ್ತನೆಯಿಲ್ಲದ, ತೂತು ಬಿದ್ದ ಹಿತ್ತಾಳೆಯನ್ನು ಮಾರಿ, ತಪ್ಪಿಲ್ಲ. ಕಂಚನ್ನು ಕಂಚಿನ ದರಕ್ಕೇ ಮಾರಿ. ಅಕ್ಷರವಿರುವ ಪಾತ್ರೆಯನ್ನು ಮಾತ್ರ ಕೆಜಿ ಲೆಕ್ಕದಲ್ಲಿ ಕೊಡಬೇಡಿ.